ಬುಧನ ಬಾಕಿ

1845ರ ಮೇ 8. ಅಮೆರಿಕದ ಸಿನ್ಸಿನಾಟಿಯ ಹೊಸ ವೀಕ್ಷಣಾಲಯದಲ್ಲಿ ಆರ್ಮ್ಸ್‌ಬಿ ಮಿಚೆಲ್ ಎಂಬ ಖಗೋಳಜ್ಞ ದೂರದರ್ಶಕಕ್ಕೆ ಕಣ್ಣು ಕೊಟ್ಟು ಕೂತಿದ್ದ. ಅಂದು ಬುಧ ಸೂರ್ಯಬಿಂಬದ ಮೇಲೆ ಹಾಯಬೇಕಿತ್ತು; ಇದಕ್ಕೇ ಬುಧ ಸಂಕ್ರಮ ಎನ್ನುವುದು. ಬಿಂಬದ ಅಂಚನ್ನು ಅವನು ಮುಟ್ಟುವ ಗಳಿಗೆ ಯಾವುದೆಂದು ಪ್ಯಾರಿಸ್ಸಿನ ಉರ್ಬೇನ್ ಲೆವೆರಿಯೆ ಮೊದಲೇ ಲೆಕ್ಕ ಹಾಕಿಟ್ಟಿದ್ದ. ಬುಧ ಬಂದ. ಲೆಕ್ಕಕ್ಕೂ ಗಡಿಯಾರಕ್ಕೂ 16 ಸೆಕೆಂಡು ವ್ಯತ್ಯಾಸ ಬಂತು.

ಆ ಕಾಲಕ್ಕೆ ಇದು ಕೊಂಡಾಡಬೇಕಾದ ಲೆಕ್ಕ. 1786ರ ಬುಧ ಸಂಕ್ರಮದಲ್ಲಿ ಲಾಲಾಂದ್ ಎಂಬ ಹೆಸರಾಂತ ಫ್ರೆಂಚ್ ಖಗೋಳಜ್ಞನ ಕೋಷ್ಟಕ ಅರ್ಧ ಗಂಟೆಗೂ ಮಿಕ್ಕಿ ತಪ್ಪಿತ್ತು. ಅದರ ಮುಂದೆ 16 ಸೆಕೆಂಡು ಯಾವ ಮಹಾ? ಆದರೆ ಲೆವೆರಿಯೆಗೆ ಅದು ಸಹಿಸಲಾಗದ ತಪ್ಪು. ಅಚ್ಚಿಗೆ ಸಿದ್ಧವಾಗಿದ್ದ ಬುಧನ ಕೋಷ್ಟಕಗಳನ್ನು ಆತ ಹಿಂದಕ್ಕೆ ಪಡೆದ. ಮುಂದಿನ 70 ವರ್ಷಗಳ ಕಥೆ ಶುರುವಾಗುವುದು ಈ ಹಟದಿಂದ.

ಕಥೆಯ ನಡುವೆ ನಿಂತಿರುವುದು ಒಂದು ಬಿಂದು. ಗ್ರಹಗಳು ಸೂರ್ಯನನ್ನು ಸುತ್ತುವ ದಾರಿ ಉರುಟಲ್ಲ, ಒಂದು ಕಡೆಗೆ ಎಳೆದ ಬಳೆಯ ಹಾಗಿನ ದೀರ್ಘವೃತ್ತ. ಇದನ್ನು ಯೋಹಾನೆಸ್ ಕೆಪ್ಲರ್ 1609ರಲ್ಲಿ ಹೇಳಿದ. ಸೂರ್ಯ ಇರುವುದು ಆ ಬಳೆಯ ನಟ್ಟನಡುವೆ ಅಲ್ಲ, ತುಸು ಪಕ್ಕಕ್ಕೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಗ್ರಹ ಒಮ್ಮೆ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, ಒಮ್ಮೆ ಅತಿ ದೂರ ಹೋಗುತ್ತದೆ. ಹತ್ತಿರದ ಬಿಂದುವನ್ನು ಪುರರವಿ ಎನ್ನುತ್ತಾರೆ, ದೂರದ್ದನ್ನು ಅಪರವಿ. ಭೂಮಿ ತನ್ನ ಪುರರವಿಗೆ ಬರುವುದು ನಾವು ಚಳಿಯಲ್ಲಿ ನಡುಗುವ ಜನವರಿ ಮೊದಲ ವಾರದಲ್ಲಿ. ಆಗ ಸೂರ್ಯ 14.7 ಕೋಟಿ ಕಿಲೋಮೀಟರ್ ದೂರ, ಜುಲೈ ಹೊತ್ತಿಗೆ 15.2 ಕೋಟಿ. ನಮಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬುಧನ ವಿಷಯ ಹಾಗಲ್ಲ. ಪುರರವಿಯಲ್ಲಿ ಅವನು ಸೂರ್ಯನಿಗೆ 4.6 ಕೋಟಿ ಕಿಲೋಮೀಟರ್ ಹತ್ತಿರ ಬಂದು ಸೆಕೆಂಡಿಗೆ 59 ಕಿಲೋಮೀಟರ್ ವೇಗದಲ್ಲಿ ಓಡುತ್ತಾನೆ. ಅಪರವಿಯಲ್ಲಿ ಸುಮಾರು 7 ಕೋಟಿ ಕಿಲೋಮೀಟರ್ ದೂರ ಸರಿದು 39 ಕಿಲೋಮೀಟರಿಗೆ ಇಳಿಯುತ್ತಾನೆ. ಇಂಥ ಒಂದು ಸುತ್ತು 88 ದಿನಕ್ಕೆ ಮುಗಿಯುತ್ತದೆ.

ಈ ಬಿಂದು ನಿಂತಲ್ಲೇ ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ನಮ್ಮ ಸಿದ್ಧಾಂತಕಾರರಿಗೂ ಇತ್ತು. ಭೂಮಿಯನ್ನು ನಡುವೆ ಇಟ್ಟು ಲೆಕ್ಕ ಹಾಕುತ್ತಿದ್ದ ಅವರು ಗ್ರಹ ನಿಧಾನವಾಗುವ ತುದಿಗೆ ಮಂದೋಚ್ಚ ಎಂದರು, ಎದುರಿನ ತುದಿಗೆ ನೀಚ. ಒಂದು ಕಲ್ಪದಲ್ಲಿ, ಅಂದರೆ 432 ಕೋಟಿ ವರ್ಷಗಳಲ್ಲಿ, ಬುಧನ ಮಂದೋಚ್ಚ 368 ಸುತ್ತು ತಿರುಗುತ್ತದೆ ಎನ್ನುತ್ತದೆ ಸೂರ್ಯಸಿದ್ಧಾಂತ. ಭಾಗಿಸಿ ನೋಡಿದರೆ ನೂರು ವರ್ಷಕ್ಕೆ ಸುಮಾರು 11 ವಿಕಲೆ. ಇಂದಿನ ಅಳತೆಗೆ ಆ ಸಂಖ್ಯೆ ಹೊಂದುವುದಿಲ್ಲ. ಆದರೂ ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಕಣ್ಣಿಗೆ ಬೀಳದ ಚಲನೆಗೆ ಅವರು ಒಂದು ಸಂಖ್ಯೆ ಕೊಡಲು ಮುಂದಾದರು ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ವಿಕಲೆ ಎಂದರೆ ಎಷ್ಟು? ಒಂದು ಅಂಶದಲ್ಲಿ, ಅಂದರೆ ಡಿಗ್ರಿಯಲ್ಲಿ, 60 ಕಲೆ, ಒಂದು ಕಲೆಯಲ್ಲಿ 60 ವಿಕಲೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು 1,800 ವಿಕಲೆ. ಈ ಅಳತೆ ನೆನಪಿರಲಿ.

ಪುರರವಿ ಸರಿಯುವುದಕ್ಕೆ ನ್ಯೂಟನ್ನನ ನಿಯಮದಲ್ಲಿ ಕಾರಣವಿತ್ತು. ಸೂರ್ಯ ಮತ್ತು ಬುಧ ಇಬ್ಬರೇ ಇದ್ದಿದ್ದರೆ ದೀರ್ಘವೃತ್ತ ಪ್ರತಿ ಸಲವೂ ಹಳೆಯ ಗೆರೆಯ ಮೇಲೆಯೇ ಬೀಳುತ್ತಿತ್ತು. ಆದರೆ ಶುಕ್ರ, ಭೂಮಿ, ಗುರು ಎಲ್ಲರೂ ತಮ್ಮ ತಮ್ಮ ಕಡೆಗೆ ಬುಧನನ್ನು ಒಂದಿಷ್ಟು ಎಳೆಯುತ್ತಾರೆ. ಅದರಿಂದ ಗೆರೆ ಕೂಡುವುದಿಲ್ಲ. ಅಂಗಳದಲ್ಲಿ ಬಳೆ ಇಟ್ಟು ರಂಗೋಲಿ ಬರೆಯುವಾಗ ಪ್ರತಿ ಸಲ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹೂವಿನ ದಳಗಳು ಮೂಡುತ್ತವಲ್ಲ, ಬುಧನ ದಾರಿ ಸೂರ್ಯನ ಸುತ್ತ ಹಾಗೆ ದಳ ಬಿಡಿಸುತ್ತ ಹೋಗುತ್ತದೆ. ಯಾವ ಗ್ರಹದ ಎಳೆತ ಎಷ್ಟು ಎಂದು ಕೈಯಲ್ಲಿ ಲೆಕ್ಕ ಹಾಕುವುದು ವರ್ಷಗಟ್ಟಲೆ ಕೂತು ಮಾಡುವ ಕೆಲಸ. ಲೆವೆರಿಯೆ ಹುಟ್ಟಿದ್ದೇ ಅದಕ್ಕೆ ಎನ್ನಬೇಕು.

ನಾರ್ಮಂಡಿಯ ಸ್ಯಾಂ ಲೋ ಊರಿನಲ್ಲಿ 1811ರಲ್ಲಿ ಹುಟ್ಟಿದ ಆತ ಮೊದಲು ರಸಾಯನಶಾಸ್ತ್ರ ಹಿಡಿದು, ರಂಜಕದ ಸಂಯುಕ್ತಗಳ ಮೇಲೆ ಕೆಲಸ ಮಾಡಿದ್ದ. ಖಗೋಳ ಕಲಿಸುವ ಹುದ್ದೆ ಸಿಕ್ಕಿದ ಮೇಲೆ ಗಣಿತ ಅವನನ್ನು ನುಂಗಿತು. ಬುಧನ ಕೋಷ್ಟಕ ಹಿಂದಕ್ಕೆ ಪಡೆದ ಮರುವರ್ಷವೇ ಅವನ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಯುರೇನಸ್ ತನ್ನ ದಾರಿಯಿಂದ ಸ್ವಲ್ಪ ಆಚೀಚೆ ಸರಿಯುತ್ತಿದ್ದುದನ್ನು ನೋಡಿ, ಅದರಾಚೆ ಕಾಣದ ಇನ್ನೊಂದು ಗ್ರಹ ಇರಬೇಕೆಂದು ಲೆಕ್ಕ ಹಾಕಿ, ಹುಡುಕಬೇಕಾದ ಜಾಗವನ್ನು ಬರ್ಲಿನ್ನಿನ ಯೋಹಾನ್ ಗಾಲೆಗೆ ಕಾಗದದಲ್ಲಿ ತಿಳಿಸಿದ. 1846ರ ಸೆಪ್ಟೆಂಬರ್ 23ರಂದು ಕಾಗದ ತಲುಪಿತು. ಅದೇ ರಾತ್ರಿ, ಹೇಳಿದ ಜಾಗದಿಂದ ಒಂದು ಅಂಶದೊಳಗೇ ನೆಪ್ಚೂನ್ ಸಿಕ್ಕಿತು. ಆಕಾಶ ನೋಡದೆಯೇ, ಮೇಜಿನ ಮೇಲೆ ಹಾಕಿದ ಲೆಕ್ಕದಿಂದ ಒಂದು ಗ್ರಹ ಹೊರಬಂದಿತ್ತು.

ಈ ಗೆಲುವಿನ ಮೇಲೆ ಬದುಕಿನುದ್ದಕ್ಕೂ ಕೂತುಣ್ಣಬಹುದಿತ್ತು. ಆತ ಮತ್ತೆ ಬುಧನ ಕಡೆಗೆ ತಿರುಗಿದ.

ಬುಧನನ್ನು ಅಳೆಯುವುದು ಕಷ್ಟ. ಅವನು ಸೂರ್ಯನ ಮಗ್ಗುಲು ಬಿಡುವುದಿಲ್ಲ. ಕಂಡರೆ ಮುಸ್ಸಂಜೆ ಇಲ್ಲವೇ ಬೆಳಗಿನ ಜಾವ, ದಿಗಂತದ ಮಬ್ಬಿನಲ್ಲಿ. ಆದರೆ ಸಂಕ್ರಮದ ದಿನ ಅವನು ಸೂರ್ಯಬಿಂಬದ ಮೇಲೆ ಸಾಸಿವೆ ಕಾಳಿನ ಹಾಗೆ ಕಪ್ಪಗೆ ಕಾಣಿಸುತ್ತಾನೆ. ಅಂಚು ಮುಟ್ಟುವ ಗಳಿಗೆಯನ್ನು ಗಡಿಯಾರದಲ್ಲಿ ಹಿಡಿದಿಟ್ಟರೆ ಅವನಿರುವ ಜಾಗ ನಿಖರವಾಗಿ ಸಿಗುತ್ತದೆ. ಇದನ್ನು ಮೊದಲು ಕಂಡವನು ಪಿಯರ್ ಗಸೆಂಡಿ, 1631ರ ನವೆಂಬರ್ 7ರಂದು ಪ್ಯಾರಿಸ್ಸಿನಲ್ಲಿ. ಚುಕ್ಕೆ ಅಷ್ಟು ಚಿಕ್ಕದಿದ್ದುದರಿಂದ ಮೊದಲು ಅದನ್ನು ಸೂರ್ಯನ ಕಲೆ ಎಂದುಕೊಂಡನಂತೆ. 20 ವರ್ಷದ ಮೇಲೆ, 1651ರಲ್ಲಿ, ಇನ್ನೊಂದು ಸಂಕ್ರಮ ನೋಡಿದವನು ಜೆರೆಮಯಾ ಶೇಕರ್ಲಿ ಎಂಬ ಇಂಗ್ಲಿಷ್ ತರುಣ. ಅವನು ನೋಡಿದ್ದು ನಮ್ಮ ಸೂರತ್ತಿನಲ್ಲಿ ನಿಂತು.

ಲೆವೆರಿಯೆ 1697ರಿಂದ 1848ರವರೆಗಿನ ಸಂಕ್ರಮಗಳ ದಾಖಲೆಗಳನ್ನೂ ಪ್ಯಾರಿಸ್ ವೀಕ್ಷಣಾಲಯದ ಸುಮಾರು 400 ವೀಕ್ಷಣೆಗಳನ್ನೂ ಮುಂದೆ ಹರಡಿಕೊಂಡು ಕೂತ. ಒಂದೊಂದು ಗ್ರಹದ ಪಾಲನ್ನೂ ಬೇರೆ ಬೇರೆ ಬರೆದ. ನೂರು ವರ್ಷದಲ್ಲಿ ಬುಧನ ಪುರರವಿಯನ್ನು ಶುಕ್ರ 280 ವಿಕಲೆ ಸರಿಸುತ್ತಾನೆ, ಗುರು 152, ಭೂಮಿ 83. ಶನಿ, ಮಂಗಳ, ಯುರೇನಸ್ಸಿನ ಚಿಲ್ಲರೆಯೂ ಸೇರಿ ಒಟ್ಟು 527. ಆಕಾಶದಲ್ಲಿ ಕಂಡದ್ದು 565. ಎಷ್ಟು ಸಲ ಕೂಡಿ ಕಳೆದರೂ 38 ವಿಕಲೆ ಬಾಕಿ.

ನೂರು ವರ್ಷಕ್ಕೆ 38 ವಿಕಲೆ! ಚಂದ್ರನ ಅಗಲವನ್ನು 47 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಅದೂ ಒಂದು ಶತಮಾನಕ್ಕೆ. ಹಳೆಯ ವೀಕ್ಷಣೆಗಳಲ್ಲೇ ದೋಷವಿದೆ ಎಂದು ಕೈಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆತ ಶುಕ್ರನ ತೂಕವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿ ನೋಡಿದ. ಹಾಗೆ ಮಾಡಿದರೆ ಭೂಮಿಯ ಚಲನೆಯ ಲೆಕ್ಕ ಕೆಡುತ್ತಿತ್ತು. ಕೊನೆಗೆ 1859ರ ಸೆಪ್ಟೆಂಬರಿನಲ್ಲಿ ಬಾಕಿಯನ್ನು ಇದ್ದಂತೆಯೇ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. ನೆಪ್ಚೂನ್ ಅವನಿಗೆ ಕೀರ್ತಿ ತಂದಿರಬಹುದು. ಆದರೆ ಅವನ ಇಡೀ ಜೀವನದಲ್ಲಿ ಅತ್ಯಂತ ದೊಡ್ಡ ಕೆಲಸ ನನ್ನ ಮಟ್ಟಿಗೆ ಈ 38.

ಬಾಕಿಗೆ ಕಾರಣವನ್ನು ಮಾತ್ರ ಆತ ಹಳೆಯ ಗೆಲುವಿನ ದಾರಿಯಲ್ಲೇ ಹುಡುಕಿದ. ಯುರೇನಸ್ಸಿನ ಆಚೆ ಕಾಣದ ಗ್ರಹ ಇತ್ತಲ್ಲವೆ? ಹಾಗೆಯೇ ಬುಧನಿಗೂ ಸೂರ್ಯನಿಗೂ ನಡುವೆ ಕಾಣದ ಒಂದು ಗ್ರಹವೋ ಸಣ್ಣ ಗ್ರಹಗಳ ಗುಂಪೋ ಇರಬೇಕು.

ಮೂರು ತಿಂಗಳಲ್ಲಿ ಒಂದು ಕಾಗದ ಬಂತು. ಪ್ಯಾರಿಸ್ಸಿನ ನೈಋತ್ಯಕ್ಕೆ, ಬೋಸ್ ಬಯಲಿನ ಒರ್ಜೇರ್ ಎಂಬ ಹಳ್ಳಿಯ ವೈದ್ಯ ಲೆಸ್ಕಾರ್ಬೋ ಬರೆದದ್ದು. ಅದೇ ವರ್ಷದ ಮಾರ್ಚ್ 26ರಂದು ಸೂರ್ಯಬಿಂಬದ ಮೇಲೆ ದುಂಡನೆಯ ಕಪ್ಪು ಚುಕ್ಕೆಯೊಂದು 1 ಗಂಟೆ 17 ನಿಮಿಷ ಹಾದುಹೋದದ್ದನ್ನು ತಾನು ಕಂಡಿದ್ದೇನೆ ಎಂದಿತ್ತು. ಆ ಹೊತ್ತಿಗೆ ಲೆವೆರಿಯೆ ಪ್ಯಾರಿಸ್ ವೀಕ್ಷಣಾಲಯದ ನಿರ್ದೇಶಕ. ಅವನ ಸಿಟ್ಟಿಗೆ ಕೈಕೆಳಗಿನವರು ಗಡಗಡ ನಡುಗುತ್ತಿದ್ದರು. ವರ್ಷ ಮುಗಿಯುತ್ತಿದ್ದ ದಿನಗಳಲ್ಲಿ ಒಬ್ಬ ಜೊತೆಗಾರನನ್ನು ಕರೆದುಕೊಂಡು, ಹೇಳದೆ ಕೇಳದೆ, ರೈಲು ಇಳಿದು ಹೊಲಗಳ ನಡುವೆ ಮೈಲಿಗಟ್ಟಲೆ ನಡೆದು ವೈದ್ಯನ ಬಾಗಿಲು ತಟ್ಟಿದ. ತಾನು ಯಾರೆಂದು ಹೇಳಲಿಲ್ಲ. ನಿಂತಲ್ಲೇ ಪಾಟೀಸವಾಲು ಶುರುಮಾಡಿದ.

ಈ ಭೇಟಿಯ ವಿವರಗಳನ್ನು ಪಾದ್ರಿ ಮ್ವಾನ್ಯೋ ಬರೆದಿಟ್ಟಿದ್ದಾನೆ. ಹೊತ್ತು ಅಳೆದದ್ದು ಯಾವುದರಲ್ಲಿ ಎಂದು ಕೇಳಿದರೆ ವೈದ್ಯ ಹಳೆಯದೊಂದು ಜೇಬುಗಡಿಯಾರ ತೆಗೆದು ತೋರಿಸಿದ. ಅದರಲ್ಲಿ ಸೆಕೆಂಡಿನ ಮುಳ್ಳೇ ಇಲ್ಲ! ಸೆಕೆಂಡು ಎಣಿಸಿದ್ದು ಹೇಗೆ? ರೇಷ್ಮೆ ದಾರಕ್ಕೆ ದಂತದ ಗುಂಡೊಂದನ್ನು ಕಟ್ಟಿದ್ದ. ಅದನ್ನು ಮೊಳೆಗೆ ನೇತುಹಾಕಿ ತೂಗಿಬಿಟ್ಟು ತೋರಿಸಿದ. ನಾಡಿ ಎಣಿಸುವುದೇ ತನ್ನ ಕಸುಬು, ತೂಗಾಟ ಎಣಿಸುವುದು ಏನು ಕಷ್ಟ ಎಂದ. ಅಂದಿನ ಟಿಪ್ಪಣಿ ಎಲ್ಲಿ ಎಂದರೆ ಪಂಚಾಂಗದ ಹಾಳೆಗಳ ನಡುವಿನಿಂದ ಒಂದು ಚೀಟಿ ಹೊರಬಂತು, ಜಿಡ್ಡು ಮತ್ತು ಔಷಧದ ಕಲೆಗಳ ಸಮೇತ. ಲೆಕ್ಕದ ಕಾಗದ? ಹಳ್ಳಿಯಲ್ಲಿ ಕಾಗದಕ್ಕೆ ಬರ; ಲೆಕ್ಕ ಮಾಡುತ್ತಿದ್ದುದು ಮರದ ಹಲಗೆಯ ಮೇಲೆ. ಹಲಗೆ ತುಂಬಿದರೆ ಕೀಸುಳಿಯಲ್ಲಿ ಕೆರೆದು ಮತ್ತೆ ಬರೆಯುತ್ತಿದ್ದ.

ಸಿಟ್ಟಿನಿಂದ ಬಂದಿದ್ದ ಲೆವೆರಿಯೆ ಕರಗಿಹೋದ. ಈ ಬಡ ಸಲಕರಣೆಯ, ನೇರ ಮನಸ್ಸಿನ ಮನುಷ್ಯ ಸುಳ್ಳು ಹೇಳುತ್ತಿಲ್ಲ ಎಂದು ನಂಬಿದ. ಹೊಸ ವರ್ಷದ ಆರಂಭದಲ್ಲೇ ವೈದ್ಯನಿಗೆ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಸಂದಿತು. ಗ್ರಹಕ್ಕೆ ರೋಮನ್ನರ ಬೆಂಕಿಯ ದೇವತೆ ವಲ್ಕನ್ನನ ಹೆಸರು ಬಂತು. ಸೂರ್ಯನಿಂದ ಸುಮಾರು 2.1 ಕೋಟಿ ಕಿಲೋಮೀಟರ್, ಒಂದು ಸುತ್ತಿಗೆ 20 ದಿನಕ್ಕೂ ಕಡಿಮೆ ಎಂದು ಲೆಕ್ಕವೂ ಆಯಿತು. ಲೆಸ್ಕಾರ್ಬೋ ಸುಳ್ಳು ಹೇಳಿರಲಿಲ್ಲ ಎಂದು ನಾನೂ ನಂಬುತ್ತೇನೆ, ಏನನ್ನೋ ಕಂಡಿದ್ದ. ಆದರೆ ಅದೇ ಹೊತ್ತಿನಲ್ಲಿ ಬ್ರೆಜಿಲ್‌ನಲ್ಲಿ ಇನ್ನೂ ಬಲವಾದ ದೂರದರ್ಶಕದಿಂದ ಸೂರ್ಯನನ್ನೇ ನೋಡುತ್ತಿದ್ದ ಎಮ್ಯಾನುಯೆಲ್ ಲಿಯೆ ಎಂಬ ಫ್ರೆಂಚ್ ಖಗೋಳಜ್ಞ ಅಲ್ಲಿ ಅಂಥ ಚುಕ್ಕೆಯೇ ಇರಲಿಲ್ಲ ಎಂದು ಬರೆದ.

ಅಲ್ಲಿಂದ ಮುಂದೆ ಪ್ರತಿ ಪೂರ್ಣ ಸೂರ್ಯಗ್ರಹಣವೂ ವಲ್ಕನ್ ಬೇಟೆಯಾಯಿತು. 1878ರ ಜುಲೈ 29ರಂದು ವಯೋಮಿಂಗಿನ ರಾಲಿನ್ಸ್ ಎಂಬ ರೈಲ್ವೆ ಊರಿಗೆ ದೂರದರ್ಶಕಗಳ ಜಾತ್ರೆಯೇ ಬಂದಿಳಿಯಿತು. ಬಲ್ಬಿನ ಎಡಿಸನ್ ಕೂಡ ತನ್ನದೊಂದು ಉಪಕರಣ ಹೊತ್ತು ಬಂದಿದ್ದ. ಮಿಷಿಗನ್ನಿನ ಜೇಮ್ಸ್ ವಾಟ್ಸನ್ ಗ್ರಹಣದ ಕತ್ತಲೆಯಲ್ಲಿ ವಲ್ಕನ್ನನ್ನು ಕಂಡೆ ಎಂದ. ಡೆನ್ವರಿನಿಂದ ಲೂಯಿಸ್ ಸ್ವಿಫ್ಟ್ ಕೂಡ ಕಂಡೆ ಎಂದ. ಇವರು ನೋಡಿದ್ದು ಹಳೆಯ ನಕ್ಷತ್ರಗಳನ್ನೇ ಎಂದು ಖಗೋಳಜ್ಞ ಕ್ರಿಶ್ಚಿಯನ್ ಪೀಟರ್ಸ್ ವಾದಿಸಿ ತೋರಿಸಿದ. ವಾಟ್ಸನ್ ಒಪ್ಪಲಿಲ್ಲ. ಹಗಲಲ್ಲೇ ವಲ್ಕನ್ ನೋಡುತ್ತೇನೆಂದು ವಿಸ್ಕಾನ್ಸಿನ್‌ನ ಗುಡ್ಡದ ಇಳಿಜಾರಿನಲ್ಲಿ ನೆಲದಡಿಯ ವೀಕ್ಷಣಾಲಯಕ್ಕೆಂದು ನೆಲ ತೋಡಿಸಲು ಶುರುಮಾಡಿದ. ಕೆಲಸ ಮುಗಿಯುವ ಮೊದಲೇ, 1880ರಲ್ಲಿ, 42ನೆಯ ವಯಸ್ಸಿಗೆ ತೀರಿಹೋದ.

ಲೆವೆರಿಯೆ ಇದನ್ನೆಲ್ಲ ನೋಡಲು ಇರಲಿಲ್ಲ. ವಲ್ಕನ್ 1877ರ ಮಾರ್ಚಿನಲ್ಲಿ ಸೂರ್ಯನ ಮೇಲೆ ಹಾಯಬಹುದೆಂದು ಆತ ಹೇಳಿದ್ದ, ಏನೂ ಹಾಯಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 23ರಂದು, ನೆಪ್ಚೂನ್ ಸಿಕ್ಕಿ 31 ವರ್ಷ ತುಂಬಿದ ದಿನ, ಪ್ಯಾರಿಸ್ಸಿನಲ್ಲಿ ಕಣ್ಣು ಮುಚ್ಚಿದ. ಗ್ರಹ ಇದೆ ಎಂಬ ನಂಬಿಕೆ ಕೊನೆಯವರೆಗೂ ಅವನನ್ನು ಬಿಟ್ಟಿರಲಿಲ್ಲ.

ಬಾಕಿ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳೆಯಿತು. 1882ರಲ್ಲಿ ಅಮೆರಿಕದ ಸೈಮನ್ ನ್ಯೂಕಂಬ್ ಹೊಸ ಸಂಕ್ರಮಗಳನ್ನೂ ಸೇರಿಸಿ ಲೆಕ್ಕ ತಿದ್ದಿದಾಗ 38 ಹೋಗಿ 43 ಆಯಿತು. ಮಂಗಳನ ಉಪಗ್ರಹಗಳನ್ನು ಕಂಡುಹಿಡಿದಿದ್ದ ಆಸಫ್ ಹಾಲ್ 1894ರಲ್ಲಿ ನ್ಯೂಟನ್ನನ ನಿಯಮಕ್ಕೇ ಕೈಹಾಕಿದ. ದೂರದ ವರ್ಗ ಎನ್ನುವಲ್ಲಿ ಘಾತ 2 ಇದೆಯಲ್ಲ, ಅದು 2.00000016 ಆಗಿದ್ದರೆ ಬುಧನ ಲೆಕ್ಕ ಸರಿಹೋಗುತ್ತದೆ ಎಂದ. ಚಂದ್ರನ ಚಲನೆ ಅದಕ್ಕೆ ಒಪ್ಪಲಿಲ್ಲ. ಸೂರ್ಯನ ಸುತ್ತಲ ಧೂಳೇ ಕಾರಣವೆಂದು ಜರ್ಮನಿಯ ಸೀಲಿಗರ್ 1906ರಲ್ಲಿ ಹೇಳಿದ. 1908ರ ಗ್ರಹಣದ ಫೋಟೋಗಳನ್ನು ಪರೀಕ್ಷಿಸಿದ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದವರು ವಲ್ಕನ್ ಕಥೆಗೆ ತೆರೆ ಎಳೆದರು.

ಅಷ್ಟರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯ ಗುಮಾಸ್ತನೊಬ್ಬ ಈ ಬಾಕಿಯ ಮೇಲೆ ಕಣ್ಣಿಟ್ಟಿದ್ದ. 1907ರ ಡಿಸೆಂಬರ್ 24ರಂದು ಆಲ್ಬರ್ಟ್ ಐನ್‌ಸ್ಟೈನ್ ಗೆಳೆಯ ಕಾನ್ರಾಡ್ ಹಬಿಷ್ಟ್‌ಗೆ ಬರೆದ ಕಾಗದದಲ್ಲಿ, ಗುರುತ್ವದ ಬಗ್ಗೆ ತಾನು ಯೋಚಿಸುತ್ತಿರುವುದು ಬುಧನ ಪುರರವಿಯ ಚಲನೆಯನ್ನು ವಿವರಿಸಬಹುದೆಂಬ ಆಸೆ ಹೇಳಿಕೊಂಡಿದ್ದ. ಆಸೆ ಕೈಗೂಡಲು 8 ವರ್ಷ ಹಿಡಿಯಿತು. 1913ರಲ್ಲಿ ಜ್ಯೂರಿಕ್‌ನಲ್ಲಿ ಗೆಳೆಯ ಮಿಖೇಲೆ ಬೆಸ್ಸೋ ಜೊತೆ ಕೂತು ಅಂದಿನ ಅರೆಬರೆ ಸಿದ್ಧಾಂತದಿಂದ ಲೆಕ್ಕ ತೆಗೆದ. ಮೊದಲ ಸಲ ಉತ್ತರ 1,800 ವಿಕಲೆ ದಾಟಿತು; ಸೂರ್ಯನ ತೂಕದ ಸಂಖ್ಯೆಯೇ ತಪ್ಪಿತ್ತು. ತಿದ್ದಿದ ಮೇಲೆ ಬಂದದ್ದು 18. ಬೇಕಾದದ್ದು 43. ಇಬ್ಬರೂ ಗೀಚಿದ ಆ ಹಾಳೆಗಳನ್ನು ಬೆಸ್ಸೋ ಎಸೆಯದೆ ಇಟ್ಟುಕೊಂಡ. 2021ರಲ್ಲಿ ಪ್ಯಾರಿಸ್ಸಿನಲ್ಲಿ ಅವು 1.1 ಕೋಟಿ ಯೂರೋಗೂ ಹೆಚ್ಚು ಬೆಲೆಗೆ ಹರಾಜಾದವು. ತಪ್ಪು ಉತ್ತರದ ಹಾಳೆಗಳು!

1915ರ ನವೆಂಬರ್. ಐನ್‌ಸ್ಟೈನ್ ಈಗ ಯುದ್ಧಕಾಲದ ಬರ್ಲಿನ್ನಿನಲ್ಲಿದ್ದ. ಹೆಂಡತಿ ಮಕ್ಕಳು ದೂರದ ಜ್ಯೂರಿಕ್‌ನಲ್ಲಿ. ಗಟಿಂಗೆನ್ನಿನಲ್ಲಿ ಮಹಾ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಅದೇ ಗುರುತ್ವದ ಸಮೀಕರಣಗಳ ಬೆನ್ನು ಹತ್ತಿದ್ದ. ಐನ್‌ಸ್ಟೈನ್ ವಾರಕ್ಕೊಂದರಂತೆ ನಾಲ್ಕು ಪ್ರಬಂಧಗಳನ್ನು ಪ್ರಷ್ಯನ್ ಅಕಾಡೆಮಿಯ ಮುಂದಿಟ್ಟ. ನವೆಂಬರ್ 18ರ ಮೂರನೆಯದು ಬುಧನದು. ಹೊಸ ಗ್ರಹವಿಲ್ಲ, ಧೂಳಿಲ್ಲ, ಘಾತಕ್ಕೆ ಅಂಟಿಸಿದ ದಶಾಂಶವಿಲ್ಲ. ಸೂರ್ಯನ ತೂಕ, ಬೆಳಕಿನ ವೇಗ, ಬುಧನ ಕಕ್ಷೆಯ ಅಳತೆ ಹಾಕಿದರೆ ಹೊರಬಂದದ್ದು ನೂರು ವರ್ಷಕ್ಕೆ 43 ವಿಕಲೆ. ಸೂರ್ಯನ ಸಮೀಪದಲ್ಲಿ ದೇಶಕಾಲವೇ ಬಾಗಿದೆ; ಬಾಗಿದ ನೆಲದಲ್ಲಿ ಬಳೆಯ ಗೆರೆ ಕೂಡುವುದಿಲ್ಲ. ಭೂಮಿಗೂ ಈ ಪಾಲು ಇದೆ, ನೂರು ವರ್ಷಕ್ಕೆ 4 ವಿಕಲೆಗೂ ಕಡಿಮೆ. ಬುಧ ಬೆಂಕಿಗೆ ಹತ್ತಿರ ಹೋಗಿ ಬರುವವನಾದ್ದರಿಂದ ಅವನಲ್ಲೇ ಅದು ಮೊದಲು ಕಂಡಿತು.

ಉತ್ತರ ಬಂದಾಗ ತನ್ನ ಎದೆ ಹೊಡೆದುಕೊಂಡಿತೆಂದು ಐನ್‌ಸ್ಟೈನ್ ಆಮೇಲೆ ಗೆಳೆಯನೊಬ್ಬನಿಗೆ ಹೇಳಿದ. ಎಷ್ಟೋ ದಿನ ಸಂತೋಷದಿಂದ ಮೈಮೇಲೆ ಎಚ್ಚರವಿರಲಿಲ್ಲವೆಂದು ಇನ್ನೊಬ್ಬ ಗೆಳೆಯ ಏರನ್‌ಫೆಸ್ಟ್‌ಗೆ ಬರೆದ. ಮರುದಿನವೇ ಹಿಲ್ಬರ್ಟ್ ಅಭಿನಂದನೆಯ ಕಾರ್ಡು ಬರೆದು, ಇಷ್ಟು ಬೇಗ ಲೆಕ್ಕ ಮಾಡಿದ್ದಕ್ಕೆ ಬೆರಗುಪಟ್ಟ. ಬೆಸ್ಸೋ ಜೊತೆ ಎರಡು ವರ್ಷ ಹಿಂದೆಯೇ ಇದೇ ಲೆಕ್ಕ ರೂಢಿಯಾಗಿದ್ದುದು ಹಿಲ್ಬರ್ಟ್‌ಗೆ ಗೊತ್ತಿರಲಿಲ್ಲ.

ಆ ಪ್ರಬಂಧ ಯುದ್ಧರಂಗಕ್ಕೂ ತಲುಪಿತು. ಜರ್ಮನ್ ಫಿರಂಗಿ ಪಡೆಯಲ್ಲಿದ್ದ ಖಗೋಳಜ್ಞ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಅದನ್ನೋದಿ, ಐನ್‌ಸ್ಟೈನ್ ಅಂದಾಜಿನಲ್ಲಿ ಬಿಡಿಸಿದ್ದ ಸಮೀಕರಣಗಳಿಗೆ ನಿಖರ ಉತ್ತರ ಕಂಡುಕೊಂಡು ಡಿಸೆಂಬರ್ 22ರಂದು ಬರೆದು ಕಳಿಸಿದ. ಐದು ತಿಂಗಳಲ್ಲಿ ಕಾಯಿಲೆಯಿಂದ ತೀರಿಹೋದ. ಕಪ್ಪುಕುಳಿಗಳ ಗಣಿತವೆಲ್ಲ ಹೊರಟದ್ದು ಆ ಉತ್ತರದಿಂದ. ಅಂಥ ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಗಂಟೆಯ ಹಾಗೆ ಮೊಳಗಿ ತಣ್ಣಗಾಗುತ್ತದೆ ಎಂದು 1970ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ಐನ್‌ಸ್ಟೈನನ 1916ರ ದೊಡ್ಡ ಪ್ರಬಂಧ ಮುಗಿಯುವುದು ಬುಧನ ಈ 43 ವಿಕಲೆಯೊಂದಿಗೆ. ಅದನ್ನು ಇಂಗ್ಲಿಷಿಗೆ ತಂದವರು ಸತ್ಯೇಂದ್ರನಾಥ ಬೋಸ್. ಮೇಘನಾದ ಸಹಾ ಜೊತೆಗೂಡಿ ಮಾಡಿದ ಆ ಅನುವಾದಗಳನ್ನು ಕಲ್ಕತ್ತ ವಿಶ್ವವಿದ್ಯಾಲಯ 1920ರಲ್ಲಿ ಪುಸ್ತಕವಾಗಿ ಹೊರತಂದಿತು.

ಈಗ ಬುಧನನ್ನು ರೇಡಾರಿನಿಂದಲೂ ಅವನನ್ನು ಸುತ್ತಿಬಂದ ನೌಕೆಯಿಂದಲೂ ಅಳೆದಿದ್ದಾರೆ. ಬಾಕಿ 42.98 ವಿಕಲೆ.

ಮುಂದಿನ ಬುಧ ಸಂಕ್ರಮ 2032ರ ನವೆಂಬರ್ 13, ಶನಿವಾರ. ನವೆಂಬರಿನ ಸಂಕ್ರಮಗಳಲ್ಲಿ ಬುಧ ತನ್ನ ಪುರರವಿಯ ಹತ್ತಿರವೇ ಇರುತ್ತಾನೆ. ನಮ್ಮಲ್ಲಿ ಮಧ್ಯಾಹ್ನ 12 ಗಂಟೆ 10 ನಿಮಿಷದ ಸುಮಾರಿಗೆ ಬಿಂಬದ ಅಂಚು ಮುಟ್ಟಿ, ಸಂಜೆ ನಾಲ್ಕೂವರೆ ಕಳೆದ ಮೇಲೆ ಹೊರಗೆ ಹೋಗುತ್ತಾನೆ. ಬರಿಗಣ್ಣಿಗೆ ಕಾಣುವುದಿಲ್ಲ, ಬರಿಗಣ್ಣಿನಿಂದ ಸೂರ್ಯನನ್ನು ನೋಡಲೂಬಾರದು. ಸಣ್ಣ ದೂರದರ್ಶಕದಿಂದ ಬಿಳಿ ಹಾಳೆಯ ಮೇಲೆ ಬಿಂಬ ಬೀಳಿಸಿದರೆ ಸಾಕು. ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೈಯಲ್ಲೊಂದು ಗಡಿಯಾರ ಇರಲಿ, ಚುಕ್ಕೆ ಅಂಚು ಮುಟ್ಟಿದ ಗಳಿಗೆಯನ್ನು ಸೆಕೆಂಡು ಸಮೇತ ಬರೆದಿಟ್ಟುಕೊಳ್ಳಿ.